ತಾಳಮದ್ದಳೆಯಲ್ಲಿ ಭಾಗವತ ಮತ್ತು ಅರ್ಥಧಾರಿ

ತಾಳಮದ್ದಳೆಯು ಕರಾವಳಿ ಕರ್ನಾಟಕ, ಮಲೆನಾಡು ಹಾಗೂ ಕೇರಳದ ಕಾಸರಗೋಡು ಪ್ರದೇಶದಲ್ಲಿ ರೂಢಿಯಲ್ಲಿರುವ, ಯಕ್ಷಗಾನದ ಮಾತುಪ್ರಧಾನ ಪ್ರಕಾರವಾಗಿದೆ. ಇದರಲ್ಲಿ ವೇಷಭೂಷಣವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯಗಳನ್ನು ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರಗಳಾಗಿ ಆ ಪದ್ಯಗಳಿಗೆ ಮಾತು ಹೆಣೆಯುತ್ತಾರೆ. ಈ ಮಾತು ಮೊದಲೇ ಬರೆದಿಟ್ಟದ್ದಲ್ಲ. ಆದುದರಿಂದ ಕಥೆಯನ್ನು ನಡೆಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಈ ಕಲೆಯ ಸ್ವರೂಪದಲ್ಲಿಯೇ ಅಡಗಿದೆ. ರೂಢಿಯಲ್ಲಿ ಈ ಅಧಿಕಾರವು ಪ್ರಸಂಗ, ಭಾಗವತ ಮತ್ತು ಅರ್ಥಧಾರಿ ಎಂಬ ಮೂರು ಕಡೆ ಹಂಚಿಕೆಯಾಗಿದೆ.

ಪ್ರಸಂಗದ ಚೌಕಟ್ಟು

ರಾಮಾಯಣ, ಮಹಾಭಾರತ ಮತ್ತು ಪುರಾಣಗಳ ಕಥೆಗಳನ್ನು ಆಧರಿಸಿದ ಪದ್ಯಕೃತಿಯೇ ಪ್ರಸಂಗ. ವಾಲಿವಧೆ, ಕೃಷ್ಣ ಸಂಧಾನ, ಭೀಷ್ಮ ವಿಜಯ, ಶರಸೇತು ಬಂಧನ ಮುಂತಾದವು ತಾಳಮದ್ದಳೆಯಲ್ಲಿ ಜನಪ್ರಿಯವಾಗಿವೆ. ಕಥೆಯ ಘಟನೆಗಳನ್ನೂ ಅಂತ್ಯವನ್ನೂ ಪ್ರಸಂಗವು ನಿರ್ಧರಿಸುತ್ತದೆ. ಅವುಗಳನ್ನು ಬದಲಿಸುವ ಹಕ್ಕು ಭಾಗವತರಿಗೂ ಇಲ್ಲ, ಅರ್ಥಧಾರಿಗೂ ಇಲ್ಲ.

ಭಾಗವತರ ಅಧಿಕಾರ

ಯಕ್ಷಗಾನದಲ್ಲಿ ಭಾಗವತರನ್ನು 'ಮೊದಲನೆಯ ವೇಷಧಾರಿ' ಎಂದು ಕರೆಯುವ ವಾಡಿಕೆಯಿದೆ. ಹಾಡುಗಾರರೂ ನಿರ್ದೇಶಕರೂ ಅವರೇ. ಮದ್ದಳೆ ಮತ್ತು ಚೆಂಡೆಯ ವಾದಕರನ್ನು ಒಳಗೊಂಡ ಹಿಮ್ಮೇಳವು ಅವರನ್ನು ಅನುಸರಿಸುತ್ತದೆ. ಪ್ರಸಂಗದ ಯಾವ ಪದ್ಯಗಳನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ಸನ್ನಿವೇಶಕ್ಕೆ ಎಷ್ಟು ಅವಕಾಶ ಕೊಡಬೇಕು ಎಂಬುದನ್ನು ಅವರು ನೋಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅರ್ಥಧಾರಿಯು ಮಾತನ್ನು ಮುಂದಿನ ಪದ್ಯಕ್ಕೆ ತಂದು ನಿಲ್ಲಿಸುವವರೆಗೆ ಭಾಗವತರು ಕಾಯುತ್ತಾರೆ. ಆದರೆ ಅವರು ಪದ್ಯ ಎತ್ತಿದರೆಂದರೆ ಅರ್ಥಧಾರಿಯು ಮಾತು ನಿಲ್ಲಿಸಲೇಬೇಕು.

ಅರ್ಥಧಾರಿಯ ಸ್ವಾತಂತ್ರ್ಯ

ಪಾತ್ರವು ಏನು ಮಾಡಿತು ಎಂಬುದು ಪದ್ಯದಲ್ಲಿರುತ್ತದೆ. ಏಕೆ ಮಾಡಿತು ಎಂಬುದನ್ನು ಅರ್ಥಧಾರಿ ಹೇಳುತ್ತಾನೆ. ಪ್ರಮುಖ ಪಾತ್ರಧಾರಿಯು ಪೀಠಿಕೆಯಲ್ಲಿ ತನ್ನ ಪಾತ್ರದ ಹಿನ್ನೆಲೆ, ನಿಲುವುಗಳನ್ನು ಸ್ಥಾಪಿಸುತ್ತಾನೆ. ಅನಂತರ ಎದುರು ಪಾತ್ರದೊಡನೆ ಸಂವಾದ ನಡೆಯುತ್ತದೆ. ಎದುರಾಳಿಯ ಪ್ರಶ್ನೆ ಯಾವುದೆಂದು ಮೊದಲೇ ತಿಳಿಯದಿರುವುದರಿಂದ ಪುರಾಣಜ್ಞಾನ, ತರ್ಕ, ಭಾಷಾಪ್ರಭುತ್ವ ಮತ್ತು ಪ್ರತ್ಯುತ್ಪನ್ನಮತಿ ಅಗತ್ಯವಾಗುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ (1918–2006), ದೇರಾಜೆ ಸೀತಾರಾಮಯ್ಯ, ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ಕುಂಬಳೆ ಸುಂದರ ರಾವ್ ಮೊದಲಾದವರು ಹೆಸರಾಂತ ಅರ್ಥಧಾರಿಗಳು.

ಘರ್ಷಣೆ ಮತ್ತು ಸಮತೋಲನ

ಸೋಲಬೇಕಾದ ಪಾತ್ರವು ವಾದದಲ್ಲಿ ಗೆಲ್ಲುವಾಗ ಈ ಹಂಚಿಕೆಯು ಪರೀಕ್ಷೆಗೆ ಒಳಗಾಗುತ್ತದೆ. ವಾಲಿವಧೆ ಇದಕ್ಕೆ ಉತ್ತಮ ನಿದರ್ಶನ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧಕ್ಕೆ ಇದು ದಂಡನೆ ಎಂದು ರಾಮನು ಉತ್ತರಿಸುತ್ತಾನೆ. ವಾಲಿಯ ಅರ್ಥಧಾರಿ ಸಮರ್ಥನಾಗಿದ್ದರೆ ಸಭೆಯ ಅನುಕಂಪ ಅವನ ಕಡೆಗೆ ಹರಿಯಬಹುದು. ರಾಮನ ಅರ್ಥಧಾರಿ ಉತ್ತರಕ್ಕೆ ತಡವರಿಸಲೂಬಹುದು. ಆದರೂ ವಾಲಿ ಸಾಯಲೇಬೇಕು. ಹಾಗಾಗಿ ಎದುರಾಳಿಯನ್ನು ನಿರುತ್ತರಗೊಳಿಸುವುದಷ್ಟೇ ಗೆಲುವಲ್ಲ. ಕಥೆ ಮುಂದುವರಿಯಲು ಅವನಿಗೆ ದಾರಿ ಬಿಟ್ಟುಕೊಡುವುದೂ ಅರ್ಥಗಾರಿಕೆಯ ಔಚಿತ್ಯವೆನಿಸಿದೆ. ಪಾತ್ರಗಳ ವಾದವು ವ್ಯಕ್ತಿಗಳ ಜಿದ್ದಾಗಿ ತಿರುಗಿದಾಗ ಭಾಗವತರು ಮುಂದಿನ ಪದ್ಯವನ್ನೆತ್ತಿ ಕಥೆಯನ್ನು ಹಳಿಗೆ ತರಬಲ್ಲರು. ಆದರೆ ಅದನ್ನು ಅಕಾಲದಲ್ಲಿ ಮಾಡಿದರೆ ಒಳ್ಳೆಯ ಸಂವಾದವೊಂದು ಅರ್ಧಕ್ಕೇ ನಿಂತು ರಸಭಂಗವಾಗುತ್ತದೆ.

ಕಾಲಮಿತಿಯ ಪರಿಣಾಮ

ಹಿಂದೆ ರಾತ್ರಿಯಿಡೀ ನಡೆಯುತ್ತಿದ್ದ ಕೂಟಗಳು ಈಗ ಬಹುಮಟ್ಟಿಗೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತವೆ. ಇದರಿಂದ ಪದ್ಯಗಳ ಆಯ್ಕೆಗೆ ಹೆಚ್ಚಿನ ಮಹತ್ವ ಬಂದಿದೆ. ಒಬ್ಬರ ಪೀಠಿಕೆ ದೀರ್ಘವಾದರೆ ಇನ್ನೊಬ್ಬರ ಪಾತ್ರ ಮೊಟಕಾಗುತ್ತದೆ. ಕಲಾವಿದರನ್ನು ಆಹ್ವಾನಿಸಿ ಪಾತ್ರ ಹಂಚುವ ಸಂಘಟಕರು ಸಹ ಅಧಿಕಾರದಲ್ಲಿ ಪಾಲುದಾರರಾಗಿದ್ದಾರೆ.

ಪಾತ್ರಾಭಿನಯದ ಆಟಗಳೊಂದಿಗೆ ಹೋಲಿಕೆ

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟ. ಅದರಲ್ಲಿ ಆಟದ ನಿರ್ವಾಹಕನು ಸನ್ನಿವೇಶವನ್ನು ವರ್ಣಿಸುತ್ತಾನೆ. ಆಟಗಾರರು ತಮ್ಮ ಪಾತ್ರಗಳ ನಡೆಯನ್ನು ನಿರ್ಧರಿಸುತ್ತಾರೆ. ಸಂದೇಹವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಕುಳಿತಲ್ಲಿಯೇ ಪಾತ್ರವಾಗುವುದು, ಆಶುಮಾತು, ನಿರ್ವಾಹಕನ ಹಿಡಿತಕ್ಕೂ ಪಾತ್ರಧಾರಿಯ ಸ್ವಾತಂತ್ರ್ಯಕ್ಕೂ ಇರುವ ಸೆಳೆತ ಇವೆರಡಕ್ಕೂ ಸಮಾನ. ಆದರೆ ಅಲ್ಲಿ ಕಥೆಯ ಅಂತ್ಯ ಮುಕ್ತವಾಗಿರುತ್ತದೆ ಮತ್ತು ಆಟಗಾರರೇ ಅದರ ಪ್ರೇಕ್ಷಕರು. ತಾಳಮದ್ದಳೆಯಲ್ಲಿ ಅಂತ್ಯವು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ; ಅಲ್ಲಿಗೆ ತಲುಪುವ ಮಾತಿನ ದಾರಿಯನ್ನು ಕೇಳಲು ಸಭೆ ಸೇರುತ್ತದೆ.