ಜಾನಪದ ಮಹಾಪ್ರಬಂಧದ ಪ್ರಸ್ತಾವ ಮತ್ತು ಸಲಹಾ ಸಮಿತಿ: ಒಂದು ಚಾರಿತ್ರಿಕ ಅವಲೋಕನ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸಂಗ್ರಹಗಳನ್ನೂ ಪ್ರಕಟಿತ ಮಹಾಪ್ರಬಂಧಗಳನ್ನೂ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಇದು ಸಹಜವೇ. ಮಹಾಪ್ರಬಂಧವು ಪದವಿ ದೊರೆತ ಮೇಲೆ ಗ್ರಂಥಾಲಯವನ್ನು ಸೇರುತ್ತದೆ, ಕೆಲವೊಮ್ಮೆ ಪುಸ್ತಕವಾಗುತ್ತದೆ. ಆದರೆ ಅದಕ್ಕೂ ಮೊದಲು ಸಂಶೋಧನಾರ್ಥಿಯು ಬರೆದುಕೊಟ್ಟ ಪ್ರಸ್ತಾವವು ಕಚೇರಿಯ ಕಡತದಲ್ಲಿ ಉಳಿದು ಕಾಲಕ್ರಮದಲ್ಲಿ ಕಣ್ಮರೆಯಾಗುತ್ತದೆ. ಸಂಶೋಧಕನು ಏನನ್ನು ಹುಡುಕಲು ಹೊರಟನು, ಕ್ಷೇತ್ರದಲ್ಲಿ ಅವನ ನಿರೀಕ್ಷೆ ಎಲ್ಲಿ ತಪ್ಪಾಯಿತು, ಅದನ್ನು ತಿದ್ದಿದವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಆ ಕಡತದಲ್ಲಿಯೇ. ಪ್ರಸ್ತಾವವನ್ನು ಸಿದ್ಧಪಡಿಸುವ ಮತ್ತು ಅದನ್ನು ಪರಿಶೀಲಿಸುವ ಸಮಿತಿಯನ್ನು ರಚಿಸುವ ಕ್ರಮಗಳು ನಮ್ಮಲ್ಲಿ ಹೇಗೆ ಬೆಳೆದು ಬಂದವು, ಅವುಗಳಿಂದ ಜಾನಪದ ಸಂಶೋಧನೆಗೆ ಆದ ಲಾಭವೇನು, ಉಳಿದ ಕೊರತೆಯೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಪದವಿಪೂರ್ವದ ಪರಂಪರೆ

ಕನ್ನಡದಲ್ಲಿ ಜಾನಪದ ಸಂಗ್ರಹವು ವಿಶ್ವವಿದ್ಯಾಲಯಗಳಿಗಿಂತ ಹಳೆಯದು. ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಗೀತೆಗಳನ್ನು ಕುರಿತ ತನ್ನ ಗ್ರಂಥವನ್ನು 1871ರಲ್ಲಿ ಪ್ರಕಟಿಸಿದನು. ಶಾಸನತಜ್ಞ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಬೆಳಕಿಗೆ ತಂದನು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಇವರಾರೂ ಪದವಿಗಾಗಿ ದುಡಿದವರಲ್ಲ. ಯಾವ ಸಮಿತಿಯ ಎದುರೂ ಪ್ರಸ್ತಾವ ಮಂಡಿಸಿದವರಲ್ಲ.

ಆದರೂ ಪ್ರಸ್ತಾವಕ್ಕೆ ಇರಬೇಕಾದ ಗುಣಗಳು ಈ ಪರಂಪರೆಯಲ್ಲಿ ಇರಲಿಲ್ಲವೆಂದು ಹೇಳಲಾಗದು. ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ (1933) ಇದಕ್ಕೆ ಒಳ್ಳೆಯ ನಿದರ್ಶನ. ಅವರು ತಮ್ಮ ಹುಟ್ಟೂರಾದ ಬಂಡೀಹೊಳೆ ಎಂಬ ಒಂದೇ ಹಳ್ಳಿಯನ್ನು ಆರಿಸಿಕೊಂಡು, ಅಲ್ಲಿಯ ಬದುಕಿನೊಡನೆ ಹಾಡುಗಳನ್ನು ಇಟ್ಟು ನೋಡಿದರು. ಕ್ಷೇತ್ರದ ಎಲ್ಲೆಯನ್ನು ಗುರುತಿಸಿಕೊಳ್ಳುವುದು, ಸಾಮಗ್ರಿಯನ್ನು ಅದರ ಸಂದರ್ಭದಿಂದ ಬೇರ್ಪಡಿಸದಿರುವುದು, ತನಗೆ ಪರಿಚಯವಿರುವ ಜನರ ನಡುವೆ ಕೆಲಸ ಮಾಡುವುದು ಎಂಬ ಮೂರೂ ಇಲ್ಲಿವೆ. ಇಂದು ಸಮಿತಿಗಳು ವಿದ್ಯಾರ್ಥಿಯಿಂದ ಬಯಸುವುದು ಇವನ್ನೇ.

2. ಒಬ್ಬ ಮಾರ್ಗದರ್ಶಕರ ಕಾಲ

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಗೊಂಡವು. 1950ರ ದಶಕದಲ್ಲಿ ಬಿ.ಎಸ್. ಗದ್ದಗಿಮಠರು ಕನ್ನಡ ಜಾನಪದ ಗೀತೆಗಳನ್ನು ಕುರಿತು ನಡೆಸಿದ ಅಧ್ಯಯನವನ್ನು ಈ ಕ್ಷೇತ್ರದ ಮೊದಲ ಡಾಕ್ಟರೇಟ್ ಎಂದು ಗುರುತಿಸಲಾಗುತ್ತದೆ. 1966ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. 1968ರಲ್ಲಿ ಅಲ್ಲಿಯ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಜೀ.ಶಂ. ಪರಮಶಿವಯ್ಯನವರು ಊರೂರು ಅಲೆದು ಧ್ವನಿಮುದ್ರಿಸಿದ ಮಹಾಕಾವ್ಯಗಳು ಮುಂದಿನ ತಲೆಮಾರಿಗೆ ಆಕರಗಳಾದವು.

ಈ ಅವಧಿಯಲ್ಲಿ ಪ್ರಸ್ತಾವಕ್ಕೆ ‘ಸಿನಾಪ್ಸಿಸ್’ ಎಂಬ ಹೆಸರೇ ಬಳಕೆಯಲ್ಲಿತ್ತು. ಬ್ರಿಟಿಷ್ ಮಾದರಿಯಿಂದ ಬಂದ ಕ್ರಮದಲ್ಲಿ ವಿದ್ಯಾರ್ಥಿಯು ಒಬ್ಬ ಮಾರ್ಗದರ್ಶಕರ ಕೆಳಗೆ ಹೆಸರು ನೋಂದಾಯಿಸುತ್ತಿದ್ದನು; ವಿಷಯದ ಶೀರ್ಷಿಕೆ, ಅಧ್ಯಾಯಗಳ ವಿಭಜನೆ, ಒಂದು ಗ್ರಂಥಋಣ ಇವಿಷ್ಟು ಕೆಲವೇ ಪುಟಗಳಲ್ಲಿ ಅಡಕವಾಗುತ್ತಿದ್ದವು. ಹೊರಗಿನ ವಿದ್ವಾಂಸರ ಪ್ರವೇಶ ಆಗುತ್ತಿದ್ದುದು ಬಹುಮಟ್ಟಿಗೆ ಕೊನೆಯಲ್ಲಿ, ಪರೀಕ್ಷಕರ ರೂಪದಲ್ಲಿ ಮಾತ್ರ. ಗುರುಶಿಷ್ಯ ಸಂಬಂಧದ ಆಪ್ತತೆ ಈ ವ್ಯವಸ್ಥೆಯ ಬಲವಾಗಿತ್ತು. ವಿದ್ಯಾರ್ಥಿಯ ಆರಂಭದ ತಪ್ಪು ಕೊನೆಯವರೆಗೂ ಇನ್ನೊಬ್ಬರ ಕಣ್ಣಿಗೆ ಬೀಳದಿರುವ ಸಾಧ್ಯತೆ ಅದರ ದೌರ್ಬಲ್ಯವಾಗಿತ್ತು.

ವಿಷಯದ ಆಯ್ಕೆಯಲ್ಲಿಯೂ ಒಂದು ಕ್ರಮವನ್ನು ಕಾಣಬಹುದು. ಸಾಮಗ್ರಿಯೇ ಬೆಳಕಿಗೆ ಬಾರದಿದ್ದ ಕಾಲದಲ್ಲಿ ಒಂದು ಪ್ರದೇಶ ಮತ್ತು ಅಲ್ಲಿಯ ಪ್ರಕಾರಗಳನ್ನು ಕೂಡಿಸಿದ ಸಮೀಕ್ಷೆಯೇ ಯೋಗ್ಯವಾಗಿತ್ತು. ದಕ್ಷಿಣ ಕರ್ನಾಟಕದ ಜನಪದ ಕಾವ್ಯಪ್ರಕಾರಗಳನ್ನು ಕುರಿತ ಪರಮಶಿವಯ್ಯನವರ ಅಧ್ಯಯನವಾಗಲಿ, ತುಳು ಜನಪದ ಸಾಹಿತ್ಯವನ್ನು ಕುರಿತ ಬಿ.ಎ. ವಿವೇಕ ರೈ ಅವರ ಅಧ್ಯಯನವಾಗಲಿ ಮುಂದಿನವರು ನಿಲ್ಲುವ ನೆಲವನ್ನು ಸಿದ್ಧಗೊಳಿಸಿದವು. ಭೂತಾರಾಧನೆ ಎಂಬ ಒಂದೇ ಆಚರಣಾ ಸಂಕೀರ್ಣವನ್ನು ಕೇಂದ್ರವಾಗಿಟ್ಟುಕೊಂಡ ಕೆ. ಚಿನ್ನಪ್ಪ ಗೌಡರ ಅಧ್ಯಯನದಲ್ಲಿ ವಿಸ್ತಾರದಿಂದ ಆಳದ ಕಡೆಗಿನ ಚಲನೆ ಸ್ಪಷ್ಟವಾಗುತ್ತದೆ. ತೊಂದರೆ ಉಂಟಾದುದು, ನೆಲ ಸಿದ್ಧವಾದ ಮೇಲೆಯೂ ಜಿಲ್ಲೆಯ ಹೆಸರನ್ನಷ್ಟೇ ಬದಲಿಸಿ ಅದೇ ನಕ್ಷೆಯನ್ನು ಅನುಸರಿಸಿದ ಪ್ರಸ್ತಾವಗಳಿಂದ.

3. ಸಮಿತಿಯ ಇನ್ನೊಂದು ಮಾದರಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಕ್ರಮ ಬೇರೆ. ಅಲ್ಲಿ ವಿದ್ಯಾರ್ಥಿಯು ಪಠ್ಯಕ್ರಮವನ್ನೂ ಅರ್ಹತಾ ಪರೀಕ್ಷೆಯನ್ನೂ ಮುಗಿಸಿ, ಒಬ್ಬ ಅಧ್ಯಕ್ಷರನ್ನೂ ಕೆಲವು ಸದಸ್ಯರನ್ನೂ ತಾನೇ ಹುಡುಕಿ ಒಪ್ಪಿಸಿ, ಅವರ ಎದುರು ಪ್ರಸ್ತಾವವನ್ನು ಸಮರ್ಥಿಸಬೇಕು. ಅಮೆರಿಕದಲ್ಲಿ ಜಾನಪದ ವಿಷಯದ ಮೊದಲ ಪಿಎಚ್.ಡಿ. ಪದವಿ 1953ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದಿಂದ ಬಂದಿತು. ಅದೇ ವಿಶ್ವವಿದ್ಯಾಲಯದಲ್ಲಿ ಎ.ಕೆ. ರಾಮಾನುಜನ್ 1963ರಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಪಡೆದರು. ಹಾ.ಮಾ. ನಾಯಕರು ಕನ್ನಡದ ಗ್ರಾಂಥಿಕ ಮತ್ತು ಆಡುಮಾತಿನ ಶೈಲಿಗಳನ್ನು ಕುರಿತು ಅಧ್ಯಯನ ನಡೆಸಿದುದೂ ಅಲ್ಲಿಯೇ. ಕನ್ನಡ ಜಾನಪದಕ್ಕೆ ಹೊಸ ಕಣ್ಣು ಕೊಟ್ಟ ಇಬ್ಬರೂ ಈ ಪದ್ಧತಿಯಲ್ಲಿ ಪಳಗಿದವರೆಂಬುದು ಗಮನಾರ್ಹ.

ವಿದ್ವಾಂಸರ ಕೂಟವೊಂದು ಸಂಶೋಧನೆಯ ದಿಕ್ಕನ್ನು ಹೇಗೆ ಬದಲಿಸಬಲ್ಲುದು ಎಂಬುದಕ್ಕೆ ಮೌಖಿಕ ಮಹಾಕಾವ್ಯಗಳ ಅಧ್ಯಯನದ ಚರಿತ್ರೆಯಲ್ಲಿಯೇ ಪ್ರಸಿದ್ಧ ಘಟನೆಯೊಂದಿದೆ. ಮಿಲ್ಮನ್ ಪ್ಯಾರಿ ಹೋಮರನ ಕಾವ್ಯಗಳ ಸಿದ್ಧವಿಶೇಷಣಗಳನ್ನು ಕುರಿತು 1928ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಅದು ಸಂಪೂರ್ಣವಾಗಿ ಲಿಖಿತ ಪಠ್ಯವನ್ನು ಅವಲಂಬಿಸಿದ ಕೆಲಸ. ಪ್ರಬಂಧದ ಸಮರ್ಥನ ಸಭೆಗೆ ದಕ್ಷಿಣ ಸ್ಲಾವ್ ಗಾಯಕರನ್ನು ಊರೂರಿನಲ್ಲಿ ಕೇಳಿ ಬಂದಿದ್ದ ಮತಿಯಾ ಮುರ್ಕೊ ಅವರು ಬರುವಂತೆ ಮಾಡಿದವರು ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ. ಅಲ್ಲಿಂದ ಪ್ಯಾರಿಯವರ ಲಕ್ಷ್ಯ ಜೀವಂತ ಗಾಯಕರ ಕಡೆಗೆ ತಿರುಗಿತು. 1933ರಿಂದ 1935ರ ನಡುವೆ ಅವರು ಯುಗೋಸ್ಲಾವಿಯದಲ್ಲಿ ಕ್ಷೇತ್ರಕಾರ್ಯ ಕೈಗೊಂಡರು. ಅವರ ಅಕಾಲ ಮರಣದ ಅನಂತರ ಶಿಷ್ಯ ಆಲ್ಬರ್ಟ್ ಲಾರ್ಡ್ ಆ ಕೆಲಸವನ್ನು ಮುಂದುವರಿಸಿದರು; ಹಾರ್ವರ್ಡಿನಲ್ಲಿ ಅವರು ಸಲ್ಲಿಸಿದ ಮಹಾಪ್ರಬಂಧವೇ 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಆಯಿತು. ಗ್ರಂಥ ಬಲ್ಲವರ ನಡುವೆ ಕ್ಷೇತ್ರ ಬಲ್ಲವನೊಬ್ಬನು ಕುಳಿತುದರ ಫಲವಿದು. ಆದರೆ ಮುರ್ಕೊ ಬಂದುದು ಪ್ರಬಂಧ ಮುಗಿದ ಮೇಲೆ. ಅಂಥವರು ಪ್ರಸ್ತಾವದ ಹಂತದಲ್ಲಿಯೇ ಬಂದು ಕುಳಿತುಕೊಳ್ಳುವಂತೆ ಮಾಡುವುದೇ ಸಮಿತಿ ರಚನೆಯ ಸಾರ್ಥಕ್ಯ.

ನಮ್ಮ ನೆಲದಲ್ಲಿಯೂ ಇಂಥ ಕೂಡುಕೆಲಸ ನಡೆದಿದೆ. ತುಳುವಿನ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ದಾಖಲಿಸಿ, 15,683 ಸಾಲುಗಳ ಪಠ್ಯವನ್ನು 1998ರಲ್ಲಿ ಪ್ರಕಟಿಸಿದ ತಂಡದಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಆನೆಲಿ ಹಾಂಕೊ, ಕರ್ನಾಟಕದ ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಇದ್ದರು. ಅದು ಪದವಿಯ ಕೆಲಸವಲ್ಲ. ಆದರೆ ಸಿದ್ಧಾಂತ, ಭಾಷೆ, ಕ್ಷೇತ್ರಪರಿಚಯ ಇವು ಒಬ್ಬನಲ್ಲಿಯೇ ಇರಬೇಕಾಗಿಲ್ಲ, ಒಂದು ಕೂಟದಲ್ಲಿ ಇದ್ದರೆ ಸಾಕು ಎಂಬುದನ್ನು ಅದು ತೋರಿಸಿಕೊಟ್ಟಿತು.

4. ಒಂದು ಸ್ವಾನುಭವ

ಸಮಿತಿಗಳು ಕಡ್ಡಾಯವಾಗುವ ಮೊದಲು ಹೆಸರು ನೋಂದಾಯಿಸಿದವರಲ್ಲಿ ಈ ಲೇಖಕನೂ ಒಬ್ಬ. ಆ ಅನುಭವವನ್ನು ಇಲ್ಲಿ ದಾಖಲಿಸುವುದು ಅಪ್ರಸ್ತುತವಾಗಲಾರದು. ಮಲೆ ಮಾದೇಶ್ವರ ಕಾವ್ಯವನ್ನು ಕುರಿತ ನನ್ನ ಸಿನಾಪ್ಸಿಸ್ಸನ್ನು ನಾನು ಪೂರ್ತಿಯಾಗಿ ಗ್ರಂಥಾಲಯದಲ್ಲಿ ಕುಳಿತು ಬರೆದಿದ್ದೆ. ಕಂಸಾಳೆಯ ದೇವರಗುಡ್ಡರಿಂದ ‘ಸಮಗ್ರ ಪಠ್ಯ’ವನ್ನು ಸಂಗ್ರಹಿಸಿ, ಸಾಲುಗಳ ‘ನಿಜವಾದ ಅನುಕ್ರಮ’ವನ್ನು ನಿರ್ಧರಿಸುವುದು ಅದರಲ್ಲಿ ನಾನು ಘೋಷಿಸಿದ ಗುರಿ. ಆ ಕಾವ್ಯದಲ್ಲಿ ಸಾಲು ಎಂದರೆ ಒಂದೊಂದು ಕಥಾಭಾಗ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಅವು ಪ್ರಸಿದ್ಧವಾಗಿವೆ. ಪ್ರಸ್ತಾವವು ಯಾವ ಪ್ರಶ್ನೆಯೂ ಇಲ್ಲದೆ ಅಂಗೀಕಾರವಾಯಿತು.

ಚಾಮರಾಜನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾನು ಭೇಟಿ ಮಾಡಿದ ಮೊದಲ ಹಿರಿಯ ಗಾಯಕರು ನನ್ನ ಬೇಡಿಕೆಯನ್ನು ಕೇಳಿ ನಕ್ಕರು. “ಪೂರಾ ಕತೆ ಅಂದ್ರೆ ಏಟು ದಿನ ಮೇಷ್ಟ್ರೇ? ಒಕ್ಕಲು ಕೇಳಿದ ಸಾಲ ಹಾಡೋದಷ್ಟೇಯ ನಮ್ಮ ಕೆಲ್ಸ” ಎಂದರು. ಯಾವ ಮನೆತನಕ್ಕೆ ಯಾವ ಸಾಲು ಬೇಕು, ಯಾವ ಹರಕೆಗೆ ಯಾವುದು ಸಲ್ಲುತ್ತದೆ ಎಂಬುದೇ ಅವರ ಅನುಕ್ರಮವಾಗಿತ್ತು. ನನ್ನ ಪ್ರಾಕ್ಕಲ್ಪನೆ ಅಲ್ಲಿಗೇ ಕುಸಿಯಿತು. ಅದರ ಬದಲು ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಂದು ದೊರೆತಿತ್ತು: ಒಕ್ಕಲಿನ ಬೇಡಿಕೆಯು ಕಾವ್ಯದ ಆಕಾರವನ್ನು ಹೇಗೆ ನಿರ್ಧರಿಸುತ್ತದೆ?

ಆದರೆ ಶೀರ್ಷಿಕೆಯನ್ನೂ ಉದ್ದೇಶವನ್ನೂ ಬದಲಿಸಬೇಕೆಂದರೆ ಪರಿಶೀಲಿಸುವ ಸಮಿತಿ ಇರಲಿಲ್ಲ. ಅರ್ಜಿಯು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅನುಮತಿ ಬರುವವರೆಗೆ ಧ್ವನಿಮುದ್ರಣ ಬೇಡವೆಂದು ನಾನೂ ತಡೆದುಕೊಂಡೆ. ಅದು ನನ್ನದೇ ಅವಿವೇಕ. ಮತ್ತೆ ಆ ಹಳ್ಳಿಗೆ ಹೋದಾಗ ಆ ಹಿರಿಯರು ತೀರಿಕೊಂಡಿದ್ದರು. ಅವರಿಂದ ನನ್ನಲ್ಲಿ ಉಳಿದಿರುವುದು ಮೊದಲ ದಿನ ಪರಿಚಯಕ್ಕೆಂದು ಹಾಡಿದ ಒಂದು ಸಾಲಿನ ಅರ್ಧಭಾಗ ಮಾತ್ರ. ಬೇರೆ ಗಾಯಕರಿಂದ ನನ್ನ ಪ್ರಬಂಧ ಪೂರ್ಣಗೊಂಡಿತು. ಆದರೆ ಅವರ ಒಕ್ಕಲುಗಳು ಕೇಳುತ್ತಿದ್ದ ಸಾಲುಗಳನ್ನು ಅವರಂತೆ ಹಾಡುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಪ್ರಸ್ತಾವದ ದೋಷವು ಜಾನಪದದಲ್ಲಿ ಕೇವಲ ಕಾಗದದ ದೋಷವಾಗಿ ಉಳಿಯುವುದಿಲ್ಲ ಎಂಬುದನ್ನು ನಾನು ಕಲಿತುದು ಹೀಗೆ.

5. ನಿಯಮಗಳ ಕಾಲ

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪ್ರವೇಶ ಪರೀಕ್ಷೆಯನ್ನೂ ಪೂರ್ವಭಾವಿ ಪಠ್ಯಕ್ರಮವನ್ನೂ ದೇಶದಾದ್ಯಂತ ಜಾರಿಗೆ ತಂದಿತು. 2016ರ ನಿಯಮಾವಳಿಯು ಪ್ರತಿಯೊಬ್ಬ ಸಂಶೋಧನಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಅಥವಾ ಅದಕ್ಕೆ ಸಮನಾದ ಮಂಡಳಿ ಇರಬೇಕೆಂದು ವಿಧಿಸಿತು. ಮಾರ್ಗದರ್ಶಕರೇ ಅದರ ಸಂಚಾಲಕರು. ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವುದು, ಅಧ್ಯಯನದ ವಿನ್ಯಾಸ ಮತ್ತು ವಿಧಾನಗಳಲ್ಲಿ ನೆರವಾಗುವುದು, ಪ್ರಗತಿಯನ್ನು ಕಾಲಕಾಲಕ್ಕೆ ಅವಲೋಕಿಸುವುದು ಅದರ ಕರ್ತವ್ಯಗಳು. ವಿದ್ಯಾರ್ಥಿಯು ಆರು ತಿಂಗಳಿಗೊಮ್ಮೆ ಸಮಿತಿಯ ಎದುರು ಹಾಜರಾಗಬೇಕೆಂದು ಅಂದು ಗೊತ್ತುಪಡಿಸಲಾಯಿತು. 2022ರ ನಿಯಮಾವಳಿಯು ಪ್ರತಿ ಸೆಮಿಸ್ಟರಿಗೊಮ್ಮೆ ಎಂದು ಹೇಳಿ ಅದೇ ಕ್ರಮವನ್ನು ಮುಂದುವರಿಸಿತು.

ಇದರಿಂದ ಆದ ಲಾಭ ಸಣ್ಣದಲ್ಲ. ಕ್ಷೇತ್ರದಿಂದ ಹಿಂದಿರುಗಿದ ವಿದ್ಯಾರ್ಥಿ ತನ್ನ ಪ್ರಶ್ನೆ ಬದಲಾಗಿದೆ ಎಂದು ಹೇಳಿಕೊಳ್ಳಲು ಈಗ ನಿಶ್ಚಿತವಾದ ವೇದಿಕೆಯಿದೆ. ಆದರೆ ನಿಯಮವು ಸಮಿತಿಯ ಇರವನ್ನು ಖಚಿತಪಡಿಸುತ್ತದೆಯೇ ಹೊರತು ಅದರ ಅರ್ಹತೆಯನ್ನಲ್ಲ. ವಿಭಾಗದಲ್ಲಿ ಲಭ್ಯರಿರುವವರನ್ನೇ ಸದಸ್ಯರನ್ನಾಗಿಸಿ, ಸಹಿಗಳಿಗಾಗಿ ಸಭೆ ಸೇರಿದರೆ ಹಿಂದಿನ ಸಿನಾಪ್ಸಿಸ್ಸಿಗೂ ಇಂದಿನ ಪ್ರಸ್ತಾವಕ್ಕೂ ಪುಟಸಂಖ್ಯೆಯ ಹೊರತು ವ್ಯತ್ಯಾಸ ಉಳಿಯುವುದಿಲ್ಲ. ಹಾಗೆಯೇ, ಆಯೋಗವು 2019ರಲ್ಲಿ ಗೊತ್ತುಪಡಿಸಿದ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಪಠ್ಯವು ಕೃತಿಚೌರ್ಯದಂತಹ ವಿಷಯಗಳಿಗೆ ಒತ್ತು ಕೊಡುತ್ತದೆ. ಹಾಡುಗಾರರ ಒಪ್ಪಿಗೆ, ಧ್ವನಿಮುದ್ರಣದ ಮೇಲೆ ಅವರಿಗಿರುವ ಹಕ್ಕು, ಸಂಭಾವನೆ ಮುಂತಾದವುಗಳಿಗೆ ಅದರಲ್ಲಿ ಪ್ರತ್ಯೇಕ ಘಟಕವಿಲ್ಲ. ಅದನ್ನು ತುಂಬಿಕೊಡಬೇಕಾದವರು ಜಾನಪದ ವಿಭಾಗಗಳೇ.

6. ಕೆಲವು ಸೂಚನೆಗಳು

ಮೇಲಿನ ಅವಲೋಕನದಿಂದ ಕೆಲವು ಮಾತುಗಳನ್ನು ಸಂಗ್ರಹಿಸಿ ಹೇಳಬಹುದು. ಮೊದಲನೆಯದಾಗಿ, ಜಾನಪದದ ಪ್ರಸ್ತಾವವನ್ನು ಕಿರು ಕ್ಷೇತ್ರಕಾರ್ಯದ ಅನಂತರವೇ ಬರೆಯಬೇಕು. ಒಂದೆರಡು ವಾರಗಳ ಪರಿಚಯವೂ ಪ್ರಶ್ನೆಯನ್ನು ಹದಗೊಳಿಸುತ್ತದೆ. ಎರಡನೆಯದಾಗಿ, ಸಮಿತಿಯಲ್ಲಿ ಆ ಪ್ರದೇಶದ ಆಡುಮಾತನ್ನೂ ಕಲಾವಿದರನ್ನೂ ಬಲ್ಲವರೊಬ್ಬರು ಇರಬೇಕು. ನಿಯಮದಂತೆ ಸದಸ್ಯರಾಗಲು ಸಾಧ್ಯವಿಲ್ಲದಿದ್ದರೆ ವಿಶೇಷ ಆಹ್ವಾನಿತರಾಗಿಯಾದರೂ ಕರೆಯಬೇಕು. ಹಿರಿಯ ಕಲಾವಿದರೊಬ್ಬರು ಆ ಸ್ಥಾನದಲ್ಲಿ ಕುಳಿತರೆ ಇನ್ನೂ ಉತ್ತಮ. ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವೂ 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಇದಕ್ಕೆ ಮೇಲ್ಪಂಕ್ತಿ ಹಾಕಬಲ್ಲವು. ಮೂರನೆಯದಾಗಿ, ಪ್ರಸ್ತಾವದಲ್ಲಿ ಹಾಡುಗಾರರ ಒಪ್ಪಿಗೆ ಮತ್ತು ದಾಖಲೆಗಳ ಸಂರಕ್ಷಣೆಯನ್ನು ಕುರಿತ ಭಾಗ ಕಡ್ಡಾಯವಾಗಿರಬೇಕು. ನಾಲ್ಕನೆಯದಾಗಿ, ಶೀರ್ಷಿಕೆಯ ಅನುಮೋದನೆಗಾಗಿ ದಾಖಲೀಕರಣವನ್ನು ಎಂದೂ ನಿಲ್ಲಿಸಬಾರದು.

ಕೊನೆಯ ಮಾತು ಗ್ರಂಥಾಲಯಗಳಿಗೆ ಸಂಬಂಧಿಸಿದುದು. ನಡೆಯುತ್ತಿರುವ ಸಂಶೋಧನೆಗಳ ಪ್ರಸ್ತಾವಗಳನ್ನು ಸಂಗ್ರಹಿಸಲು ಇನ್‌ಫ್ಲಿಬ್‌ನೆಟ್ ಸಂಸ್ಥೆಯು ‘ಶೋಧಗಂಗೋತ್ರಿ’ ಎಂಬ ಭಂಡಾರವನ್ನು ರೂಪಿಸಿದೆ. ನಮ್ಮ ವಿಭಾಗಗಳು ಇದನ್ನು ಬಳಸಿಕೊಳ್ಳುವುದರ ಜೊತೆಗೆ ಹಳೆಯ ಸಿನಾಪ್ಸಿಸ್ಸುಗಳನ್ನು ಕಡತಗಳಿಂದ ಹೊರತೆಗೆದು, ಆಯಾ ಮಹಾಪ್ರಬಂಧ ಮತ್ತು ಧ್ವನಿಮುದ್ರಿಕೆಗಳೊಡನೆ ಇರಿಸಬೇಕು. ಹೊರಟ ಪ್ರಶ್ನೆಗೂ ತಲುಪಿದ ಉತ್ತರಕ್ಕೂ ನಡುವಿನ ಅಂತರವನ್ನು ಅಳೆಯಲು ಮುಂದಿನ ಸಂಶೋಧಕರಿಗೆ ಆಗ ಸಾಧ್ಯವಾಗುತ್ತದೆ. ಆ ಅಂತರದಲ್ಲಿ ಗಾಯಕರು ಸಂಶೋಧಕರಿಗೆ ಕಲಿಸಿದ ಪಾಠವಿದೆ. ಅದನ್ನು ಉಳಿಸಿಕೊಳ್ಳದೆ ಜಾನಪದ ಅಧ್ಯಯನದ ಚರಿತ್ರೆ ಪೂರ್ಣವಾಗಲಾರದು.