ಪಕ್ಷಿಗಳ ರಾತ್ರಿಗಾಯನ

ಹಗಲು ಸಂಚರಿಸುವ ಕೆಲವು ಪಕ್ಷಿಗಳು ಸೂರ್ಯಾಸ್ತದ ನಂತರ ಅಥವಾ ನಸುಕಿಗೆ ಬಹಳ ಮೊದಲು ಕೂಗುವುದನ್ನು ರಾತ್ರಿಗಾಯನ ಎನ್ನಬಹುದು. ನಿಶಾಚರಿಗಳಾದ ಗೂಬೆಗಳ ಕೂಗು ಇದರಿಂದ ಭಿನ್ನವಾದುದು. ಮರಗಳು, ಕೆರೆ ಹಾಗೂ ಬೀದಿದೀಪಗಳು ಒಟ್ಟಿಗಿರುವ ಕೆಂಗೇರಿ ಉಪನಗರದಂತಹ ಬೆಂಗಳೂರಿನ ಬಡಾವಣೆಗಳಲ್ಲಿ ಇಂತಹ ಕೂಗು ಬೇಸಿಗೆಯಲ್ಲಿ ಹೆಚ್ಚಾಗಿ ಕೇಳಿಬರುತ್ತದೆ ಮತ್ತು ನಿವಾಸಿಗಳ ನಿದ್ರೆಗೆ ಅಡ್ಡಿಯಾಗುವುದುಂಟು.

ರಾತ್ರಿ ಕೂಗುವ ಪಕ್ಷಿಗಳು

ಕೋಗಿಲೆ: ಕಪ್ಪು ಬಣ್ಣದ ಗಂಡು ಹಕ್ಕಿಯು ಸ್ವರವನ್ನು ಏರಿಸುತ್ತಾ ‘ಕುಹೂ’ ಎಂದು ಪದೇ ಪದೇ ಕೂಗುತ್ತದೆ. ಚುಕ್ಕೆಗಳುಳ್ಳ ಹೆಣ್ಣು ‘ಕಿಕ್-ಕಿಕ್’ ಎಂದು ಕೂಗುತ್ತದೆ. ಭಾರತದಲ್ಲಿ ಇದರ ಸಂತಾನೋತ್ಪತ್ತಿಯ ಕಾಲ ಮಾರ್ಚ್‌ನಿಂದ ಆಗಸ್ಟ್‌ವರೆಗೆ. ಕೋಗಿಲೆ ಗೂಡು ಕಟ್ಟದೆ ಹೆಚ್ಚಾಗಿ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ, ಕಾಗೆಗಳು ಗೂಡು ಕಟ್ಟುವ ಮರಗಳ ಸುತ್ತ ಇದರ ಕೂಗು ಹೆಚ್ಚು.

ಟಿಟ್ಟಿಭ: ಕೆರೆಯಂಚು ಹಾಗೂ ಖಾಲಿ ನಿವೇಶನಗಳ ಬಯಲು ನೆಲದಲ್ಲಿ ಮೊಟ್ಟೆಯಿಡುವ ಈ ಹಕ್ಕಿಯು, ನಾಯಿ ಅಥವಾ ಮನುಷ್ಯರು ಸಮೀಪಿಸಿದರೆ ನಡುರಾತ್ರಿಯಲ್ಲೂ ಕಿರುಚುತ್ತಾ ಹಾರುತ್ತದೆ. ಇದು ಹಾಡಲ್ಲ, ಎಚ್ಚರಿಕೆಯ ಕೂಗು.

ಮಡಿವಾಳ ಹಕ್ಕಿ: ಬೆಳಕು ಹರಿಯುವ ಮುನ್ನವೇ ಎತ್ತರದ ಕೊಂಬೆ ಅಥವಾ ಮಹಡಿಯ ಅಂಚಿನಲ್ಲಿ ಕುಳಿತು ಇಂಪಾಗಿ ಹಾಡುತ್ತದೆ.

ಕಾರಣಗಳು

ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡುಗಳು ಸಂಗಾತಿಯನ್ನು ಸೆಳೆಯಲು ಮತ್ತು ತಮ್ಮ ನೆಲೆಯನ್ನು ಸಾರಲು ಹಾಡುತ್ತವೆ. ಯುರೋಪಿನ ನೈಟಿಂಗೇಲ್ ಹಕ್ಕಿಗಳಲ್ಲಿ ಜೋಡಿ ಸಿಗದ ಗಂಡುಗಳೇ ರಾತ್ರಿ ಹೆಚ್ಚು ಹಾಡುತ್ತವೆ.

ಹಕ್ಕಿಗಳ ದೈನಂದಿನ ಲಯವನ್ನು ಬೆಳಕು ನಿಯಂತ್ರಿಸುತ್ತದೆ. ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಹಾರ್ಮೋನು ಕೃತಕ ಬೆಳಕಿನಿಂದ ಕುಗ್ಗುತ್ತದೆ. 2010ರಲ್ಲಿ ಪ್ರಕಟವಾದ ವಿಯೆನ್ನಾ ಸಮೀಪದ ಅಧ್ಯಯನವೊಂದರಲ್ಲಿ, ಬೀದಿದೀಪಗಳ ಬಳಿಯ ಹಲವು ಹಾಡುಹಕ್ಕಿಗಳು ಬೆಳಗಿನ ಹಾಡನ್ನು ಇತರ ಕಡೆಗಳಿಗಿಂತ ಬೇಗ ಆರಂಭಿಸುವುದು ಕಂಡುಬಂದಿತು. ಶಬ್ದವೂ ಒಂದು ಕಾರಣ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು, ಹಗಲಿನಲ್ಲಿ ಗದ್ದಲ ಹೆಚ್ಚಿರುವ ಸ್ಥಳಗಳಲ್ಲೇ ರಾಬಿನ್ ಹಕ್ಕಿಗಳು ರಾತ್ರಿ ಹಾಡುವುದನ್ನು ದಾಖಲಿಸಿತು.

ನಿದ್ರೆಯ ಮೇಲಿನ ಪರಿಣಾಮ

ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ರೆ ಹೆಚ್ಚು. ನಸುಕಿನ ಹೊತ್ತಿಗೆ ನಿದ್ರೆ ಹಗುರವಾಗುತ್ತದೆ. ಆದ್ದರಿಂದ ಆ ವೇಳೆಯ ಕೂಗಿಗೆ ಎಚ್ಚರವಾಗುವುದು ಸುಲಭ. ಸೆಕೆಗಾಲದಲ್ಲಿ ಕಿಟಕಿ ತೆರೆದು ಮಲಗುವುದರಿಂದ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಸಿಂಗಪುರ ಮತ್ತು ಪೂರ್ವ ಆಸ್ಟ್ರೇಲಿಯದಲ್ಲಿಯೂ ಕೋಗಿಲೆ ಜಾತಿಯ ಹಕ್ಕಿಗಳ ಕೂಗಿನ ಬಗ್ಗೆ ನಿವಾಸಿಗಳು ದೂರುವುದುಂಟು.

ನಂಬಿಕೆಗಳು

ಹಾಲಕ್ಕಿ ಎಂಬ ಸಣ್ಣ ಗೂಬೆಯ ನುಡಿಯನ್ನು ಆಧರಿಸಿ ಭವಿಷ್ಯ ಹೇಳುವ ಸಂಪ್ರದಾಯ ಬುಡಬುಡಿಕೆಯವರಲ್ಲಿದೆ. ಗೂಬೆಯ ಕೂಗು ಅಪಶಕುನವೆಂಬ ನಂಬಿಕೆಯಿಂದ ಅವುಗಳನ್ನು ಓಡಿಸುವುದು, ಕೊಲ್ಲುವುದು ಉಂಟು. ವಾಸ್ತವವಾಗಿ ಗೂಬೆಗಳು ಇಲಿ ಮತ್ತು ಕೀಟಗಳನ್ನು ತಿಂದು ಉಪಕಾರ ಮಾಡುತ್ತವೆ.

ಪರಿಹಾರ ಮತ್ತು ಕಾನೂನು

2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯನ್ನು ನಿಗದಿಪಡಿಸಿದ್ದರೂ, ಅವುಗಳ ಗುರಿ ಧ್ವನಿವರ್ಧಕ, ಯಂತ್ರ ಮುಂತಾದ ಮಾನವನಿರ್ಮಿತ ಶಬ್ದಗಳು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಸಂರಕ್ಷಿತ ಪಕ್ಷಿಗಳನ್ನು ಕೊಲ್ಲುವುದು ಮಾತ್ರವಲ್ಲದೆ, ಅವುಗಳ ಮೊಟ್ಟೆ ಮತ್ತು ಗೂಡುಗಳನ್ನು ನಾಶಪಡಿಸುವುದೂ ಬೇಟೆಯೆನಿಸಿಕೊಳ್ಳುತ್ತದೆ.

ಮನೆಯ ಹೊರಗಿನ ಅನಗತ್ಯ ದೀಪಗಳನ್ನು ಆರಿಸುವುದು, ಉಳಿದ ದೀಪಗಳ ಬೆಳಕು ಮರಗಳ ಮೇಲೆ ಬೀಳದಂತೆ ನೆಲದತ್ತ ತಿರುಗಿಸುವುದು, ದಪ್ಪ ಪರದೆ ಹಾಗೂ ಕಿವಿಬಿರಡೆಗಳ ಬಳಕೆ ಸರಳ ಉಪಾಯಗಳು. ಫ್ಯಾನಿನ ಒಂದೇ ಸಮನಾದ ಸದ್ದು ಕೂಡ ಕೂಗನ್ನು ಸ್ವಲ್ಪಮಟ್ಟಿಗೆ ಮರೆಮಾಡುತ್ತದೆ. ಸಂತಾನೋತ್ಪತ್ತಿಯ ಕಾಲ ಮುಗಿದಂತೆ ಕೋಗಿಲೆಯ ಕೂಗು ತಾನಾಗಿಯೇ ಕಡಿಮೆಯಾಗುತ್ತದೆ.