ಒಡೆಯದ ಮೊಹರು

ಜೊಅನ್ನಾ ಸೌತ್‌ಕಾಟ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಒಂದು ನಗೆಯ ಪ್ರಸಂಗವಾಗಿ. 64 ವರ್ಷದ ಅವಿವಾಹಿತೆಯೊಬ್ಬಳು ತನ್ನ ಹೊಟ್ಟೆಯಲ್ಲಿ ‘ಶೈಲೋ’ ಎಂಬ ದೇವಕುಮಾರ ಹುಟ್ಟುವನೆಂದು ಸಾರಿದಳು. ಭಕ್ತರು ತೊಟ್ಟಿಲು ಕೊಟ್ಟು ಕಾದರು. ಮಗು ಹುಟ್ಟಲಿಲ್ಲ; ಅವಳೇ ಸತ್ತಳು. ನಕ್ಕವರಲ್ಲಿ ನಾನೂ ಒಬ್ಬ. ನಗುವುದಕ್ಕೆ ನಾಚಿಕೆಯಾದದ್ದು ಎಷ್ಟೋ ಕಾಲದ ಮೇಲೆ, ಇ. ಪಿ. ಥಾಂಪ್ಸನ್ನರ 1963ರ ಗ್ರಂಥವನ್ನು ಓದಿದಾಗ. ಇಂಗ್ಲೆಂಡಿನ ಕಾರ್ಮಿಕ ವರ್ಗದ ಚರಿತ್ರೆ ಅದು. ಮುಂದಿನ ತಲೆಮಾರಿನ ತಾತ್ಸಾರದಿಂದ ತಾವು ಪಾರುಮಾಡಬೇಕೆಂದಿರುವ ಬಡವರ ಸಾಲಿನಲ್ಲಿ, ಮಗ್ಗದವರ ಜೊತೆಗೇ, ಈಕೆಯ ಭ್ರಾಂತ ಭಕ್ತನನ್ನೂ ಅವರು ನಿಲ್ಲಿಸಿದ್ದಾರೆ.

ಜೊಅನ್ನಾ ಹುಟ್ಟಿದ್ದು 1750ರಲ್ಲಿ, ಡೆವನ್ ಸೀಮೆಯ ರೈತ ಮನೆಯಲ್ಲಿ. ಬಹುಕಾಲ ಮನೆಗೆಲಸ ಮಾಡಿಕೊಂಡಿದ್ದವಳು. 1792ರಲ್ಲಿ ತನಗೆ ದೈವವಾಣಿ ಕೇಳಿಸಿತೆಂದಳು. 1801ರಲ್ಲಿ ತನ್ನ ಸ್ವಂತ ಹಣದಿಂದ ಮೊದಲ ಪುಸ್ತಕ ಅಚ್ಚು ಹಾಕಿಸಿದಳು; ಆಮೇಲೆ ಪುಸ್ತಕಗಳು ಒಂದರ ಹಿಂದೊಂದು ಬಂದವು. ಅವಳ ಕೈಬರಹ ಓದಲು ಬಲು ಕಷ್ಟ. ಆನ್ ಅಂಡರ್‌ವುಡ್ ಎಂಬಾಕೆ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದಳು.

ಆದರೆ ನನ್ನ ಮನಸ್ಸು ನಿಂತದ್ದು ಆ ಪುಸ್ತಕಗಳ ಮೇಲಲ್ಲ, ಒಂದು ಹಾಳೆಯ ಮೇಲೆ. ಸೈತಾನನ ಆಳ್ವಿಕೆ ಅಳಿದು ಕ್ರಿಸ್ತನ ರಾಜ್ಯ ಬರಲೆಂಬ ಮನವಿಗೆ ಭಕ್ತ ರುಜು ಹಾಕಬೇಕು. ಆಗ ಅವನಿಗೊಂದು ಕಾಗದ ಸಿಕ್ಕುವುದು: ಅದರಲ್ಲಿ ಒಂದು ವೃತ್ತ, ಒಳಗೆ ಕೆಲವು ಮಾತು, ಕೆಳಗೆ ಜೊಅನ್ನಾಳ ಸಹಿ. ಅದನ್ನು ಮಡಿಸಿ ಕೆಂಪು ಅರಗು ಹಾಕಿ ಮುದ್ರೆಯೊತ್ತುವರು. ಎಕ್ಸೆಟರಿನ ಅಂಗಡಿಯಲ್ಲಿ ಕಸ ಗುಡಿಸುವಾಗ ಅವಳಿಗೆ ಸಿಕ್ಕಿತೆನ್ನುವ ಮುದ್ರೆ ಅದು. ಹೊರಗೆ ಭಕ್ತನ ಹೆಸರು, ಒಡೆಯಕೂಡದೆಂಬ ಕಟ್ಟಪ್ಪಣೆ. ಹೀಗೆ ಮುದ್ರೆ ಪಡೆದವರು ಸಾವಿರಾರು ಮಂದಿ, ಅವರಲ್ಲಿ ಹೆಂಗಸರೇ ಹೆಚ್ಚು. ಫ್ರಾನ್ಸಿನೊಡನೆ ಯುದ್ಧ, ರೊಟ್ಟಿಯ ತುಟ್ಟಿ; ಅಂಥ ಕಾಲದಲ್ಲಿ ಮತದಾನದ ಹಕ್ಕಿಲ್ಲದ ಮನೆಗೆಲಸದವಳೊಬ್ಬಳು ತನ್ನ ಹೆಸರು ಬರೆಯಲು ಬೇರೆ ಯಾವ ಪಟ್ಟಿಯಿತ್ತು?

ಈ ಮುದ್ರೆಗೆ ಕಳಂಕವೂ ಹತ್ತಿತು. ಲೀಡ್ಸಿನ ಮೇರಿ ಬೇಟ್‌ಮನ್ ಎಂಬ ಮಾಟಗಾತಿ ವಿಷವಿಕ್ಕಿ ಕೊಂದ ಅಪರಾಧಕ್ಕಾಗಿ 1809ರಲ್ಲಿ ಯಾರ್ಕಿನಲ್ಲಿ ನೇಣಿಗೇರಿದಳು. ಅವಳ ಬಳಿಯೂ ಒಂದು ಮುದ್ರೆಯ ಕಾಗದವಿತ್ತು! ಆಡಿಕೊಳ್ಳುವವರಿಗೆ ಇನ್ನೇನು ಬೇಕು?

1814ರ ಡಿಸೆಂಬರ್ 27ರಂದು ಜೊಅನ್ನಾ ತೀರಿಕೊಂಡಳು. ಮತ್ತೆ ಏಳುವಳೆಂದು ಭಕ್ತರು ನಾಲ್ಕು ದಿನ ಹೆಣವನ್ನು ಬೆಚ್ಚಗಿಟ್ಟರು. ಬಳಿಕ ವೈದ್ಯರು ಸೀಳಿ ನೋಡಿದರು. ಗರ್ಭದ ಸುಳಿವೇ ಇಲ್ಲ. ಬಸಿರೆಂದು ನಂಬಿದ್ದ ವೈದ್ಯ ರಿಚರ್ಡ್ ರೀಸ್ ನಡೆದದ್ದನ್ನೆಲ್ಲ 1815ರಲ್ಲಿ ಅಚ್ಚು ಹಾಕಿಸಿದ. ಶಿಶುವಿಗೆಂದು ಬಂದ ಕಾಣಿಕೆಗಳನ್ನು ಕೊಟ್ಟವರಿಗೇ ಹಿಂದಿರುಗಿಸುವಂತೆ ಅವಳು ಉಯಿಲು ಬರೆದಿಟ್ಟಿದ್ದಳು. ಬರಿಯ ವಂಚಕಿಯಾಗಿದ್ದರೆ ಹೀಗೆ ಬರೆಯುತ್ತಿದ್ದಳೇ ಎಂಬುದು ನನ್ನ ಸಂಶಯ.

ಭಕ್ತರು ಒಂದು ಪೆಟ್ಟಿಗೆಯನ್ನೂ ಕಾಪಾಡಿಕೊಂಡು ಬಂದರು. ದೇಶಕ್ಕೆ ಸಂಕಟ ಬಂದಾಗ 24 ಬಿಷಪ್ಪರ ಎದುರಿಗೆ ಮಾತ್ರ ಅದನ್ನು ತೆರೆಯಬೇಕಂತೆ. 1927ರಲ್ಲಿ ಹ್ಯಾರಿ ಪ್ರೈಸ್ ಒಂದು ಪೆಟ್ಟಿಗೆಯನ್ನು ತೆರೆಸಿದಾಗ ಸಿಕ್ಕಿದ್ದು ಪಿಸ್ತೂಲು, ಲಾಟರಿ ಚೀಟಿ, ಇಂಥ ಅಲ್ಲದ ಸಲ್ಲದ ಸಾಮಾನು. ಅದು ನಿಜವಾದ ಪೆಟ್ಟಿಗೆಯಲ್ಲ ಎಂದರು ನಂಬುಗೆಯವರು. ಬೆಡ್‌ಫರ್ಡ್‌ನಲ್ಲಿ 1919ರಲ್ಲಿ ಹುಟ್ಟಿದ ಪೆನೇಸಿಯಾ ಸೊಸೈಟಿ, ಬಿಷಪ್ಪರನ್ನು ಕರೆಯುತ್ತ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸುತ್ತಲೇ ಇತ್ತು. ಅದರ ಕೊನೆಯ ಸದಸ್ಯೆ ತೀರಿದ್ದು 2012ರಲ್ಲಿ. ಈಗ ಅಲ್ಲಿ ಒಂದು ಮ್ಯೂಸಿಯಂ ಇದೆ.

ಜೊಅನ್ನಾಳ ಹಸ್ತಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಟೆಕ್ಸಾಸಿನ ಆಸ್ಟಿನ್‌ನಲ್ಲೂ ಇವೆ. ಈ ಸೊಸೈಟಿ ಬಿಟ್ಟುಹೋದ ಕಾಗದವೇ ಬೇರೆ ಬಗೆಯದು. 1920ರ ದಶಕದಿಂದ ಅವರು ರೋಗಿಗಳಿಗೆ ಪುಕ್ಕಟೆಯಾಗಿ ನಾರುಬಟ್ಟೆಯ ಒಂದು ತುಂಡನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಅದನ್ನು ನೀರಿನಲ್ಲಿ ಅದ್ದಿ ಆ ನೀರನ್ನು ಕುಡಿಯಬೇಕು. ಗುಣ ಕಂಡಿತೇ ಇಲ್ಲವೇ ಎಂದು ಆಗಾಗ ಬರೆಯಬೇಕು. ಕೇಳಿದವರು ಲಕ್ಷಕ್ಕೂ ಮೀರಿ, ಜಮೈಕಾದಿಂದಲೂ. ಶೈಲೋ, ಬಿಷಪ್ಪರ ಗೊಡವೆ ಯಾರಿಗೆ ಎಷ್ಟಿತ್ತೋ. ಅವರು ಬರೆದದ್ದು ತಮ್ಮ ತಮ್ಮ ಮೈಯ ನೋವನ್ನು.